ಹಿತ್ತಲ ಬಾತುಕೋಳಿಗಳ ಆಹಾರ ಮತ್ತು ನೀರಿನ ನಿರ್ವಹಣೆ

ಬಾತುಕೋಳಿಯು ಆಹಾರವನ್ನು ನೀರಿನೊಂದಿಗೆ ನುಂಗುವುದರಿಂದ ಚೆಲ್ಲುವುದನ್ನು ತಡೆಯಲಾಗದು. ಚೆಲ್ಲುವ ಸ್ಥಳವನ್ನು ಮಾತ್ರ ನಿಗದಿಪಡಿಸಬಹುದು.

ಮೂಡಿಗೆರೆ, ಕಳಸ ಭಾಗದ ಮಳೆಗಾಲದಲ್ಲಿ ಒದ್ದೆಯಾದ ತೌಡು, ಮೆಕ್ಕೆಜೋಳದ ನುಚ್ಚು ಬೇಗನೆ ಬೂಷ್ಟು ಹಿಡಿಯುತ್ತವೆ. ಬೂಷ್ಟಿನಿಂದ ಉಂಟಾಗುವ ಅಫ್ಲಾಟಾಕ್ಸಿನ್ ವಿಷಕ್ಕೆ ಕೋಳಿಮರಿಗಳಿಗಿಂತ ಬಾತುಮರಿಗಳು ಬೇಗ ಬಲಿಯಾಗುತ್ತವೆ. ಆದುದರಿಂದ ಒಂದು ಹೊತ್ತಿಗೆ ಸಾಕಾಗುವಷ್ಟನ್ನೇ ಕಲಸಿ ನೀಡಿ, ಉಳಿದುದನ್ನು ತೆಗೆದು ಪಾತ್ರೆಯನ್ನು ತೊಳೆಯತಕ್ಕದ್ದು. ನೀರಿಲ್ಲದೆ ಆಹಾರ ನೀಡಬಾರದು.

ನೀರಿನ ಪಾತ್ರೆಯು ಮೂಗಿನ ಹೊಳ್ಳೆ, ಕಣ್ಣುಗಳು ಮುಳುಗುವಷ್ಟು ಆಳವಿದ್ದು, ಮರಿಗಳು ಒಳಗಿಳಿಯದಂತೆ ಕಿರಿದಾದ ಬಾಯಿಯದಾಗಿರಬೇಕು. ಅದನ್ನು ಜಲ್ಲಿ ತುಂಬಿದ ಇಂಗುಗುಂಡಿಯ ಮೇಲೆ ಅಡಿಕೆ ದಬ್ಬೆಗಳನ್ನು ಹಾಸಿ ಇರಿಸುವುದು.

ಗುಡ್ಡದ ಊರುಗಳಲ್ಲಿ ಮೇಲಿನ ಮನೆಯ ಹಿತ್ತಲ ಕೊಳಕು ಕೆಳಮನೆಯ ಬಾವಿಗೆ ಇಳಿಯುತ್ತದೆ. ಆದ್ದರಿಂದ ಗುಂಡಿಯು ಬಾವಿ, ಹಳ್ಳಗಳಿಂದ ದೂರವಿರುವುದನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಖುದ್ದಾಗಿ ಪರಿಶೀಲಿಸುವುದು.