ಮತ್ತಿಕೆರೆಯಿಂದ ಕುದುರೆಮುಖದ ತುದಿಗೆ: 10 ಸೂತ್ರಗಳು

ಶುಕ್ರವಾರ ರಾತ್ರಿ ಗೊರಗುಂಟೆಪಾಳ್ಯದಲ್ಲಿ ನಿಂತು ನೋಡಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮಲೆನಾಡಿನ ಬಸ್ಸಿಗೆ ಕಾಯುವ ಹುಡುಗರು, ಹುಡುಗಿಯರು ಕಾಣುತ್ತಾರೆ. ಎಲ್ಲರ ಕಣ್ಣಲ್ಲೂ ಒಂದೇ ಉತ್ಸಾಹ. ಆದರೆ ಅವರಲ್ಲಿ ಯಾರು ತುದಿ ಮುಟ್ಟುತ್ತಾರೆ ಎಂಬುದು ಬಸ್ ಹತ್ತುವ ಮೊದಲೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಕುದುರೆಮುಖ 1,894 ಮೀಟರ್ ಎತ್ತರದ ಬೆಟ್ಟ. ಮರಗಳು ಕಣಿವೆಗಳಲ್ಲಿ ಉಳಿದು, ಮೇಲೆಲ್ಲ ಹುಲ್ಲು, ಮಂಜು, ಗಾಳಿ. ಅದನ್ನು ಹತ್ತುವ ಕೆಲಸ ಚಾರಣದ ಹಾದಿ ಹೊರಡುವ ಮುಳ್ಳೋಡಿಯಲ್ಲಿ ಶುರುವಾಗುವುದಿಲ್ಲ. ಮತ್ತಿಕೆರೆಯ ನಿಮ್ಮ ರೂಮಿನಲ್ಲಿ ಶುರುವಾಗುತ್ತದೆ. ನೀವು ಹತ್ತುತ್ತೀರಿ. ಹೇಗೆ ಎಂಬುದು ಇಲ್ಲಿದೆ.

1. ತಾರೀಕು ಬರೆಯಿರಿ.
"ಒಂದು ದಿನ ಹೋಗೋಣ" ಎನ್ನುವುದು ಗುರಿಯಲ್ಲ. ಕ್ಯಾಲೆಂಡರ್ ತೆಗೆಯಿರಿ, ಆರು ವಾರದಾಚೆಯ ಒಂದು ಶನಿವಾರಕ್ಕೆ ಗುರುತು ಹಾಕಿ. ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಸಮಯ. ಮಳೆ ಜೋರಾದಾಗ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವಿದ್ದಾಗ ಚಾರಣ ನಿಲ್ಲಿಸುವುದುಂಟು. ಇದು ರಾಷ್ಟ್ರೀಯ ಉದ್ಯಾನ, ಅರಣ್ಯ ಇಲಾಖೆಯ ಪರ್ಮಿಟ್ ಬೇಕೇ ಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಬುಕಿಂಗ್ ಶುರುವಾದ ದಿನವೇ ಮುಗಿಸಿ. ತಾರೀಕು ಇಲ್ಲದ ಆಸೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಪರ್ಮಿಟ್ ಕೈಯಲ್ಲಿದ್ದರೆ ನೀವು ಮುಂದಕ್ಕೆ ಹೋಗುತ್ತೀರಿ.

2. ಬೆಟ್ಟವನ್ನು ನಿಮ್ಮ ಮೆಟ್ಟಿಲಿಗೆ ತನ್ನಿ.
ಲಿಫ್ಟ್ ಬಿಡಿ. ಒಂದು ಮಹಡಿ ಎಂದರೆ ಸುಮಾರು 3 ಮೀಟರ್. ಮೂರು ಮಹಡಿಯನ್ನು ಹತ್ತು ಸಲ ಹತ್ತಿ ಇಳಿದರೆ 90 ಮೀಟರ್ ಏರಿದಂತೆ. ಕುದುರೆಮುಖದ ಹಾದಿಯಲ್ಲಿ ಏರಬೇಕಾದ ಎತ್ತರವನ್ನು ಅಂದಾಜು 900 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಸಂಜೆಗೆ ಅದರ ಹತ್ತನೇ ಒಂದು ಭಾಗ ಮುಗಿಯಿತು! ವಾರಕ್ಕೆ ಮೂರು ಸಂಜೆ ಹೀಗೆ ಮಾಡಿ. ಮೂರನೇ ವಾರದಿಂದ ಬೆನ್ನಿಗೆ 5 ಕಿಲೋ ಹೇರಿಕೊಳ್ಳಿ. ಉಳಿದ ದಿನ ಜೆಪಿ ಪಾರ್ಕ್‌ನಲ್ಲಿ ಬಿರುಸಾಗಿ ನಡೆಯಿರಿ. ದೊಡ್ಡ ಸಿಲಬಸ್ ಹೆದರಿಸುತ್ತದೆ, ಹತ್ತು ತುಂಡು ಮಾಡಿದ ಸಿಲಬಸ್ ಮುಗಿಯುತ್ತದೆ.

3. ಮಾಡೆಲ್ ಎಕ್ಸಾಮ್ ಬರೆಯಿರಿ.
ನಾಲ್ಕನೇ ವಾರದ ಭಾನುವಾರ ಶಿವಗಂಗೆಗೆ ಹೋಗಿ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು, ದಾಬಸ್‌ಪೇಟೆಯಲ್ಲಿ ತಿರುಗಿದರೆ ಬೆಟ್ಟ. ಕುದುರೆಮುಖಕ್ಕೆ ಒಯ್ಯುವ ಅದೇ ಶೂ, ಅದೇ ಬ್ಯಾಗ್, ಅದೇ ಊಟ ಇರಲಿ. ಎಲ್ಲಿ ಹಿಮ್ಮಡಿ ಉಜ್ಜುತ್ತದೆ, ಯಾವ ಪಟ್ಟಿ ಭುಜ ಕೊರೆಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಇಲ್ಲಿ ಸಿಕ್ಕಿದ ತಪ್ಪು ಅಗ್ಗ. ಅದೇ ತಪ್ಪು ಕುದುರೆಮುಖದ ಏಳನೇ ಕಿಲೋಮೀಟರ್‌ನಲ್ಲಿ ಸಿಕ್ಕರೆ ದುಬಾರಿ.

4. ಟೈಮನ್ನು ಲೆಕ್ಕ ಹಾಕಿ, ಊಹಿಸಬೇಡಿ.
ಸ್ಕಾಟ್ಲೆಂಡಿನ ವಿಲಿಯಂ ನೇಯ್ಸ್ಮಿತ್ 1892ರಲ್ಲಿ ಗುಡ್ಡ ಹತ್ತುವವರಿಗೆ ಒಂದು ಸರಳ ಲೆಕ್ಕ ಕೊಟ್ಟರು. ನಡಿಗೆಗೆ 5 ಕಿಲೋಮೀಟರಿಗೆ ಒಂದು ಗಂಟೆ. ಏರಿಕೆಗೆ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಸೇರಿಸಿ. ಮುಳ್ಳೋಡಿಯಿಂದ ತುದಿಗೆ ಸುಮಾರು 10 ಕಿಲೋಮೀಟರ್, ಅಂದರೆ 2 ಗಂಟೆ. 900 ಮೀಟರ್ ಏರಿಕೆಗೆ ಒಂದೂವರೆ ಗಂಟೆ. ಹಳ್ಳ ದಾಟಲು, ತಿಂಡಿಗೆ, ಉಸಿರಿಗೆ ಇನ್ನೊಂದು ಗಂಟೆ. ಒಟ್ಟು ನಾಲ್ಕೂವರೆ. ಬೆಳಿಗ್ಗೆ 7ಕ್ಕೆ ಹೊರಟರೆ 11.30ಕ್ಕೆ ತುದಿ. ಪ್ರಾಜೆಕ್ಟ್ ಡೆಡ್‌ಲೈನ್‌ಗೂ ಹೀಗೇ ಮಾಡಿ: ದೂರ ಬೇರೆ, ಏರು ಬೇರೆ. ಎರಡನ್ನೂ ಎಣಿಸಿದವರು ಮಾತ್ರ ಹೇಳಿದ ಸಮಯಕ್ಕೆ ಮುಟ್ಟುತ್ತಾರೆ.

5. ಬ್ಯಾಗ್‌ಗೆ ಉತ್ತರ ತುಂಬಿ, ಆತಂಕವನ್ನಲ್ಲ.
3 ಲೀಟರ್ ನೀರು. ಚಪಾತಿ, ಚಟ್ನಿಪುಡಿ, ಬಾಳೆಹಣ್ಣು, ಕಡಲೆಮಿಠಾಯಿ. ಓಆರ್‌ಎಸ್ ಪ್ಯಾಕೆಟ್, ರೇನ್‌ಕೋಟ್, ಗಾಳಿ ತಡೆಯುವ ಜರ್ಕಿನ್, ಟಾರ್ಚ್, ಒಂದು ಜೊತೆ ಒಣ ಕಾಲುಚೀಲ. ಮಲೆನಾಡಿನವರು ಉಂಬಳ ಎನ್ನುವ ಜಿಗಣೆಗೆ ಚಿಟಿಕೆ ಉಪ್ಪು. ಇಷ್ಟು ಸಾಕು. ಪ್ರತಿ ವಸ್ತುವನ್ನೂ ಕೇಳಿ: "ನೀನು ಯಾವ ಸಮಸ್ಯೆಗೆ ಉತ್ತರ?" ಉತ್ತರ ಬಾರದಿದ್ದರೆ ಮನೆಯಲ್ಲೇ ಬಿಡಿ. ಬೇಡದ ಒಂದೊಂದು ಕಿಲೋವನ್ನೂ ನಿಮ್ಮ ಮಂಡಿಯೇ ಹೊರಬೇಕು.

6. ಹುಲ್ಲುಗಾವಲಿನ ಹಾಗೆ ಶಕ್ತಿ ಹಿಡಿದಿಡಿ.
ಈ ಬೆಟ್ಟಸಾಲಿನ ಹುಲ್ಲೂ ಕಣಿವೆಗಳ ಶೋಲಾ ಕಾಡೂ ಮಳೆಗಾಲದ ನೀರನ್ನು ಸ್ಪಂಜಿನಂತೆ ಹೀರಿಕೊಂಡು, ತಿಂಗಳುಗಟ್ಟಲೆ ಸಣ್ಣಗೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇರುವುದೂ ಇದೇ ಸೀಮೆಯಲ್ಲಿ. ನೀವೂ ಹಾಗೆ ನಡೆಯಿರಿ. ಮೊದಲ ಗಂಟೆಯಲ್ಲಿ ಓಡಬೇಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗ ಸರಿ. ಮಾತು ತುಂಡಾದರೆ ನಿಧಾನಿಸಿ. ಬಾಯಾರುವ ಮೊದಲೇ ಗುಟುಕು ನೀರು, ಹಸಿವಾಗುವ ಮೊದಲೇ ಒಂದು ತುತ್ತು. ಸೆಮಿಸ್ಟರ್‌ನ ಮೊದಲ ವಾರದ ಆರ್ಭಟಕ್ಕಿಂತ ಕೊನೆಯ ವಾರಕ್ಕೆ ಉಳಿದ ಶಕ್ತಿ ದೊಡ್ಡದು.

7. "ನನ್ನಿಂದಾಗಲ್ಲ" ಎನ್ನುವ ಚಾಳಿ ಬಿಡಿ.
ಕಾಡಿನ ನೆರಳು ಮುಗಿದು ಬಯಲು ಗುಡ್ಡ ತೆರೆದುಕೊಂಡಾಗ ತುದಿ ತುಂಬಾ ದೂರ ಕಾಣುತ್ತದೆ. ಆಗ ತಲೆಯಲ್ಲಿ ಆ ಮಾತು ಏಳುತ್ತದೆ. ಅದು ಸತ್ಯವಲ್ಲ, ಬರೀ ರೂಢಿ. ರೂಢಿಯನ್ನು ಇನ್ನೊಂದು ರೂಢಿಯಿಂದ ತೆಗೆಯಿರಿ. ತುದಿ ನೋಡಬೇಡಿ. ಮುಂದಿನ ಗುರುತು ನೋಡಿ: ಆ ಹಳ್ಳ, ಆಮೇಲೆ ಒಂಟಿಮರ, ಆಮೇಲೆ ಆ ಏಣು. ಪ್ರತಿ ಗುರುತಿನಲ್ಲಿ ಒಂದು ನಿಮಿಷ ನಿಂತು ಹಿಂದಿರುಗಿ ನೋಡಿ. ನಡೆದು ಬಂದ ದಾರಿ ಕಣ್ಣೆದುರೇ ಇರುತ್ತದೆ. ಅನುಮಾನಕ್ಕೆ ಅದಕ್ಕಿಂತ ಒಳ್ಳೆಯ ಜವಾಬಿಲ್ಲ.

8. ಅನುಮಾನ ಬೇರೆ, ಎಚ್ಚರಿಕೆ ಬೇರೆ.
ಅನುಮಾನ ನಿಮ್ಮ ಬಗ್ಗೆ ಮಾತಾಡುತ್ತದೆ, ಎಚ್ಚರಿಕೆ ಬೆಟ್ಟದ ಬಗ್ಗೆ ಮಾತಾಡುತ್ತದೆ. ಮೊದಲನೆಯದನ್ನು ಅಲ್ಲೇ ಬಿಡಿ, ಎರಡನೆಯದನ್ನು ಕೇಳಿ. ವಾಪಸ್ ತಿರುಗುವ ಗಂಟೆಯನ್ನು ಮನೆಯಲ್ಲೇ ನಿಗದಿ ಮಾಡಿ, ಮಧ್ಯಾಹ್ನ 1 ಎಂದಿರಲಿ. ಆಗ ಎಲ್ಲಿದ್ದರೂ ತಿರುಗಿ. ಗುಡುಗು ಕೇಳಿದರೆ ತೆರೆದ ಏಣಿನಿಂದ ಇಳಿಯಿರಿ. ಮಂಜು ಕವಿದು ದಾರಿ ಕಾಣದಿದ್ದರೆ ಗುಂಪು ಬಿಡಬೇಡಿ, ಗೈಡ್ ಹೇಳಿದಂತೆ ನಡೆಯಿರಿ. ದಣಿದ ತಲೆ ಸರಿಯಾಗಿ ಯೋಚಿಸುವುದಿಲ್ಲ, ಅದಕ್ಕೇ ನಿರ್ಧಾರವನ್ನು ಹೊಸ ತಲೆಯಲ್ಲೇ ಮಾಡಿಡಬೇಕು.

9. ಬೆಟ್ಟ ಯಾರ ಶ್ರಮದಿಂದ ಉಳಿಯಿತು, ತಿಳಿಯಿರಿ.
ಈ ಹಸಿರು ಪುಕ್ಕಟೆ ಬಂದಿದ್ದಲ್ಲ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಕಾಡಿನಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಅದರ ಬೆನ್ನಲ್ಲೇ 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಕಬ್ಬಿಣದ ಅದಿರಿನ ಗಣಿಗಾರಿಕೆ ಆಮೇಲೂ ಮುಂದುವರಿದಿತ್ತು. ಪರಿಸರ ಹೋರಾಟಗಾರರು ಬಿಡಲಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಘೋಷಣೆಯಿಂದ ಗಣಿ ನಿಲ್ಲುವವರೆಗೆ 18 ವರ್ಷ! ಆರು ವಾರ ತಾಲೀಮು ಮಾಡಿ ಬಂದ ನಿಮಗೆ ಆ ಪಟ್ಟಿನ ಬೆಲೆ ಅರ್ಥವಾಗುತ್ತದೆ. ಒಂದು ಚಾಕೊಲೇಟ್ ಕಾಗದವನ್ನೂ ಅಲ್ಲಿ ಬಿಡಬೇಡಿ. ಜೋರಾಗಿ ಹಾಡು ಹಾಕಬೇಡಿ. ದಾರಿ ಬಿಟ್ಟು ಹುಲ್ಲು ತುಳಿಯಬೇಡಿ.

10. ಇಳಿದ ಮೇಲೇ ಗೆದ್ದೆ ಅನ್ನಿ.
ತುದಿ ಅರ್ಧ ದಾರಿ. ಇಳಿಯುವಾಗ ಮಂಡಿಗೆ ಭಾರ ಹೆಚ್ಚು, ಗಮನ ಕಡಿಮೆ. ಹೊರಡುವ ಮೊದಲು ಲೇಸ್ ಬಿಗಿಯಾಗಿ ಕಟ್ಟಿ, ಬೆರಳು ಶೂ ತುದಿಗೆ ಬಡಿಯಬಾರದು. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಮಡಚಿರಲಿ. ಒದ್ದೆ ಕಲ್ಲಿನ ಮೇಲೆ ಫೋಟೋ ಬೇಡ. ಆಫರ್ ಲೆಟರ್ ಬಂದ ಕೂಡಲೇ ಓದು ನಿಲ್ಲಿಸುವವರೂ, ತುದಿಯಲ್ಲಿ ಮೈಮರೆಯುವವರೂ ಜಾರುವುದು ಒಂದೇ ರೀತಿ.

ಸೋಮವಾರ ಬೆಳಿಗ್ಗೆ ನೀವು ಮತ್ತೆ ಮತ್ತಿಕೆರೆಯಲ್ಲಿರುತ್ತೀರಿ. ತೊಡೆ ನೋಯುತ್ತಿರುತ್ತದೆ. ಕ್ಲಾಸೋ ಆಫೀಸೋ ಕಾಯುತ್ತಿರುತ್ತದೆ. ಮುಂದೆ ಯಾವ ಕೆಲಸ ದೊಡ್ಡದೆನಿಸಿದರೂ ನಿಮ್ಮ ಕೈಯಲ್ಲಿ ಈಗ ಒಂದು ಪದ್ಧತಿ ಇದೆ: ತಾರೀಕು ಹಾಕು, ತುಂಡು ಮಾಡು, ಲೆಕ್ಕ ಹಾಕು, ಮುಂದಿನ ಗುರುತು ನೋಡು. ಅದನ್ನು ಕಲಿಯಲು ಶುಕ್ರವಾರದ ಬಸ್ಸಿಗೆ ಕಾಯಬೇಕಿಲ್ಲ. ಇವತ್ತು ಸಂಜೆ ಮನೆಗೆ ಬಂದಾಗ ಲಿಫ್ಟ್ ಬಟನ್ ಒತ್ತಬೇಡಿ. ಮೊದಲ 90 ಮೀಟರ್ ಅಲ್ಲೇ ಪಕ್ಕದಲ್ಲಿದೆ.