ಬಾಯಿಂದ ಮದ್ದು ತುಂಬುವ ರೈಫಲ್: ಕಡಿಮೆ ಖರ್ಚಿನಲ್ಲಿ ಒಳ್ಳೆಯದನ್ನು ಆರಿಸುವ ಪಾಠಗಳು

ಅಮೆರಿಕದಲ್ಲಿ ನೆಲೆಸಿದ ಕೊಡಗು, ಮಲೆನಾಡಿನ ಕಡೆಯವರಲ್ಲಿ ಮನೆಯ ಕೇಪಿನ ಕೋವಿ ಕಂಡು ಬೆಳೆದವರು ಬಹಳ ಮಂದಿ. ಅಂಥವರಿಗೆ ಇಲ್ಲಿನ ಹಳೇ ಮಾದರಿಯ ಮಸಲ್‌ಲೋಡರ್ ರೈಫಲ್ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ನಾನೂ ಆ ಪೈಕಿಯವನೇ. ಪೆನ್ಸಿಲ್ವೇನಿಯಾದಲ್ಲಿ ಇದ್ದುಕೊಂಡು ಇವನ್ನು ಕೊಳ್ಳುತ್ತ, ಹೊಡೆಯುತ್ತ, ತೊಳೆಯುತ್ತ ಬಂದಿದ್ದೇನೆ. "ಕಡಿಮೆ ದುಡ್ಡಲ್ಲಿ ಯಾವುದು ತಗೊಳ್ಳೋದು?" ಎಂದು ಕೇಳಿದವರಿಗೆ ಹೇಳುವ ಮಾತುಗಳು ಇವು. ಎಲ್ಲದರ ಸಾರ ಇಷ್ಟು: ಉಳಿತಾಯ ಮರ, ಹಿತ್ತಾಳೆಗಳಲ್ಲಿ ಆಗಲಿ, ನಳಿಗೆಯಲ್ಲಿ, ಮದ್ದಿಗೆ ಬೆಂಕಿ ಹೊತ್ತಿಸುವ ಲಾಕಿನಲ್ಲಿ ಬೇಡ.

1. ಯಾತಕ್ಕೆ ಬೇಕು ಎಂದು ಮೊದಲು ತೀರ್ಮಾನಿಸಿ

ಕ್ಯಾಲಿಬರ್, ಅಂದರೆ ನಳಿಗೆಯ ಒಳಗಿನ ಅಗಲ, ಇದರ ಮೇಲೇ ನಿಂತಿದೆ. ಗುರಿ ಹೊಡೆಯಲು, ಅಳಿಲು ಬೇಟೆಗೆ .32 ಅಥವಾ .36 ಸಾಕು. ಒಂದು ಪೌಂಡ್ ಸೀಸದಲ್ಲಿ .32ಕ್ಕೆ 150ಕ್ಕೂ ಹೆಚ್ಚು ಗುಂಡು ಬರುತ್ತವೆ; .50ಕ್ಕೆ ಬರುವುದು ಸುಮಾರು 39. ಕ್ಯಾಲಿಬರ್ ಹೆಚ್ಚಿದಂತೆ ಮದ್ದಿನ ಖರ್ಚೂ ಏರುತ್ತದೆ. ಆದರೆ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ .44ಕ್ಕಿಂತ ಕಡಿಮೆಯದು ಆಗದು. ಒಂದೇ ರೈಫಲಿನಲ್ಲಿ ಎರಡೂ ಕೆಲಸ ಆಗಬೇಕೆಂದರೆ .50 ಕೊಳ್ಳಿ. ಅದರ ಗುಂಡು, ಅಚ್ಚು, ಬಿಡಿಭಾಗ ಎಲ್ಲ ಕಡೆ ಸಿಗುತ್ತವೆ.

2. ಕೈ ಬಿಗಿ ಇದ್ದರೆ ಕೇಪು, ಚಕಮಕಿ ಆಮೇಲೆ

ಸುತ್ತಿಗೆಯಂತೆ ಬಡಿಯುವ ಕುದುರೆಯ ಹೊಡೆತಕ್ಕೆ ಸಿಡಿಯುವ ಕೇಪಿನ ಲಾಕ್ ಅಗ್ಗದ್ದಾದರೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಚಕಮಕಿಯ ಲಾಕ್ ಹಾಗಲ್ಲ. ಕಲ್ಲು ಬಡಿಯುವ ಉಕ್ಕಿನ ತಗಡು, ಅಂದರೆ ಫ್ರಿಜನ್, ಸರಿಯಾಗಿ ಹದಗೊಂಡಿರಬೇಕು. ಸ್ಪ್ರಿಂಗುಗಳ ಬಲ ಒಂದಕ್ಕೊಂದು ಹೊಂದಬೇಕು. ಕಿಡಿ ಬಟ್ಟಲಿನ ಮದ್ದಿನ ಮೇಲೇ ಬೀಳಬೇಕು. ಅಗ್ಗದ ಚಕಮಕಿ ಲಾಕು ತಡವಾಗಿ ಹೊತ್ತಿಕೊಳ್ಳುತ್ತದೆ, ಇಲ್ಲವೇ ಹೊತ್ತಿಕೊಳ್ಳುವುದೇ ಇಲ್ಲ. ಹೊಸಬನ ಉತ್ಸಾಹ ಅಲ್ಲಿಗೇ ಆರಿಹೋಗುತ್ತದೆ.

ಪೆನ್ಸಿಲ್ವೇನಿಯಾದವರಿಗೆ ಮಾತ್ರ ಒಂದು ವಿಶೇಷ ಕಾರಣವಿದೆ. 1974ರಲ್ಲಿ ಶುರುವಾದ ಇಲ್ಲಿನ ಚಕಮಕಿ ಕೋವಿಯ ಜಿಂಕೆ ಬೇಟೆ ಈಗಲೂ ಕ್ರಿಸ್‌ಮಸ್ ಕಳೆದ ಮೇಲೆ ನಡೆಯುತ್ತದೆ. ಅದಕ್ಕೆ ಕೇಪಿನ ಕೋವಿ ಒಯ್ಯುವಂತಿಲ್ಲ. ಆ ಬೇಟೆಯೇ ನಿಮ್ಮ ಗುರಿಯಾದರೆ ಇನ್ನಷ್ಟು ದುಡ್ಡು ಕೂಡಿಡಿ, ಒಳ್ಳೆಯ ಲಾಕಿನ ಕೋವಿಯನ್ನೇ ತನ್ನಿ.

3. ನಳಿಗೆಯ ತಿರುವು ನೋಡದೆ ಕೊಳ್ಳಬೇಡಿ

ರೈಫಲಿನ ಒಳಗಿನ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಎಂಬುದೇ ತಿರುವು. ಬಟ್ಟೆಯ ಪ್ಯಾಚ್ ಸುತ್ತಿದ ಉರುಟು ಗುಂಡಿಗೆ ನಿಧಾನದ ತಿರುವು ಒಗ್ಗುತ್ತದೆ: 60, 66, 70 ಇಂಚಿಗೆ ಒಂದು. ಉದ್ದನೆಯ ಗುಂಡಿಗೆ ಬೇಗ ತಿರುಗುವ ನಳಿಗೆ ಬೇಕು: 28 ಅಥವಾ 32 ಇಂಚಿಗೆ ಒಂದು. 48 ಇಂಚಿನದು ನಡುವಿನ ದಾರಿ, ಎರಡನ್ನೂ ಒಂದು ಮಟ್ಟಿಗೆ ಹಾರಿಸುತ್ತದೆ. ಸಾಂಪ್ರದಾಯಿಕ ರೀತಿಯಲ್ಲಿ ಹೊಡೆಯುವವರಿಗೆ ಉರುಟು ಗುಂಡೇ ಸರಿ, ಅಗ್ಗವೂ ಹೌದು. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಮನೆಯಲ್ಲೇ ಮಾಡಿಕೊಳ್ಳಬಹುದು.

4. ಹೊಸತರ ಆಸೆಗಿಂತ ಹಳೆಯದರ ಹುಡುಕಾಟ ಲಾಭದ್ದು

ಥಾಂಪ್ಸನ್ ಸೆಂಟರ್ ಕಂಪನಿ 1970ರಲ್ಲಿ ಹೊರತಂದ ಹಾಕನ್ ರೈಫಲ್‌ನ ತಯಾರಿ ಈಗ ನಿಂತಿದೆ. ಸೇಂಟ್ ಲೂಯಿಸ್‌ನ ಹಾಕನ್ ಸಹೋದರರು ಮಾಡುತ್ತಿದ್ದ ಕೋವಿಯ ತದ್ರೂಪು ಇದಲ್ಲ. ನಳಿಗೆ ಗಿಡ್ಡ, ಹಿತ್ತಾಳೆ ಹೆಚ್ಚು. ಆದರೂ ಗಟ್ಟಿ ಕೋವಿ, ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಲೈಮನ್ ಹೆಸರಿನಲ್ಲಿ ಬರುತ್ತಿದ್ದ ಇಟಲಿಯ ಗ್ರೇಟ್ ಪ್ಲೇನ್ಸ್ ರೈಫಲ್ ನೋಟದಲ್ಲಿ ಹಳೆಯ ಹಾಕನ್‌ಗೆ ಇನ್ನೂ ಹತ್ತಿರ, 60 ಇಂಚಿನ ತಿರುವಿನದು. ಉರುಟು ಗುಂಡಿಗೆ ಹೇಳಿ ಮಾಡಿಸಿದ್ದು. ಹೊಸದೇ ಬೇಕೆಂದರೆ ಸ್ಪೇನ್‌ನಲ್ಲಿ ತಯಾರಾಗುವ ಟ್ರೆಡಿಷನ್ಸ್ ಕಂಪನಿಯ ರೈಫಲ್‌ಗಳು ಅಗ್ಗದವು. ಇಟಲಿಯ ಪೆಡರ್ಸೋಲಿ ಕೆಲಸ ಚೆಂದ, ಬೆಲೆಯೂ ಅದಕ್ಕೆ ತಕ್ಕಂತೆ.

5. ಹಳೆಯದನ್ನು ಕೈಗೆ ತೆಗೆದುಕೊಂಡ ಕೂಡಲೇ ಒಳಗೆ ಈಡು ಇದೆಯೇ ನೋಡಿ

ಗೋಡೆಗೆ ತೂಗುಹಾಕಿದ್ದ ಕೋವಿಯೊಳಗೆ ಎಷ್ಟೋ ವರ್ಷದ ಹಿಂದಿನ ಈಡು ಹಾಗೇ ಉಳಿದಿರುವುದು ಅಪರೂಪವಲ್ಲ. ಮೊದಲು ಕೇಪು ಇಲ್ಲವೆಂದು, ಚಕಮಕಿಯಾದರೆ ಬಟ್ಟಲಲ್ಲಿ ಮದ್ದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಮೈ, ಮುಖ ನಳಿಗೆಯ ಬಾಯಿಗೆ ಅಡ್ಡ ಬಾರದ ಹಾಗೆ ನಿಂತು ಗಜವನ್ನು, ಅಂದರೆ ಗುಂಡು ದೂಡುವ ಕೋಲನ್ನು, ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ನಳಿಗೆಯ ಪಕ್ಕಕ್ಕೆ ಹಿಡಿದು ಅಳೆಯಿರಿ. ಗಜ ಕಿಡಿ ಹೋಗುವ ತೂತಿನವರೆಗೆ, ಇಲ್ಲವೇ ಕೇಪು ಕೂರುವ ನಿಪ್ಪಲ್ಲಿನ ಬುಡದವರೆಗೆ ಮುಟ್ಟದಿದ್ದರೆ ಒಳಗೆ ಏನೋ ಇದೆ ಎಂದೇ ತಿಳಿದು ಬಲ್ಲವರ ಕೈಗೆ ಕೊಡಿ.

ಆಮೇಲೆ ಉಳಿದ ಪರೀಕ್ಷೆ. ಬಿಳಿ ಬಟ್ಟೆಯನ್ನು ಗಜಕ್ಕೆ ಸಿಕ್ಕಿಸಿ ಒಳಗೆ ಆಡಿಸಿ. ತುಕ್ಕಿನ ಬಣ್ಣ ಕಾಣಿಸಿದರೆ, ಒಂದೇ ಕಡೆ ತಡೆದರೆ ಬೆಲೆ ಇಳಿಯಬೇಕು. ತಳದ ಹತ್ತಿರ ಕುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಒತ್ತಿ, ಬೀಳಬಾರದು. ಪೂರ್ತಿ ಎಳೆದು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ, ಜಾರಬಾರದು. ಲಾಕಿನ ಹಿಂದೆ ಮರ ಸಪುರವಾಗುವ ಜಾಗದಲ್ಲಿ ಸೀಳು ಇದೆಯೇ ನೋಡಿ. ಮರದ ಗೀಚು, ಮಾಸಿದ ಹಿತ್ತಾಳೆ ಇವು ದೋಷವಲ್ಲ. ಚೌಕಾಸಿಗೆ ನಿಮ್ಮ ಬಲ.

6. ಪ್ರೂಫ್ ಮುದ್ರೆ ಇಲ್ಲದ ಅಗ್ಗದ ಕೋವಿ ಬೇಡ

ಇಟಲಿ, ಸ್ಪೇನ್‌ಗಳಿಂದ ಬರುವ ನಳಿಗೆಗಳು ಸರ್ಕಾರಿ ಮಾನ್ಯತೆಯ ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಮದ್ದು ತುಂಬಿ ಪರೀಕ್ಷಿಸಿದವು. ಅದರ ಮುದ್ರೆ ಮೈಮೇಲೇ ಇರುತ್ತದೆ. ನಮ್ಮ ಭಾರತದಲ್ಲೇ ತಯಾರಾಗಿ ಇಲ್ಲಿ ಮಾರಾಟವಾಗುವ ಹಳೇ ಮಸ್ಕೆಟ್‌ಗಳ ನಕಲುಗಳೂ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ನಳಿಗೆಯಲ್ಲಿ ಗೀರೂ ಇಲ್ಲ, ಕಿಡಿ ಹೋಗುವ ತೂತೂ ಇಲ್ಲ, ಪ್ರದರ್ಶನಕ್ಕೆಂದೇ ಮಾರುತ್ತಾರೆ. ತೂತು ಕೊರೆದುಕೊಂಡರಾಯಿತು ಎನ್ನುವವರ ಮಾತು ಕೇಳಬೇಡಿ. ಪರೀಕ್ಷೆಯಾಗದ ನಳಿಗೆಯ ಪಕ್ಕದಲ್ಲಿ ನಿಮ್ಮ ಕಣ್ಣು, ಕೈ ಇರುತ್ತವೆ.

7. ಹೆಗಲಿಗೆ ಹಿಡಿದು ನೋಡಿ

ಹಳೇ ಮಾದರಿಯ ಹಿಡಿಯ ತುದಿ ಅರ್ಧಚಂದ್ರದಂತೆ ಬಾಗಿರುತ್ತದೆ. ಅದನ್ನು ಹೆಗಲ ಗುಳಿಗಲ್ಲ, ತೋಳಿನ ಮೇಲ್ಭಾಗಕ್ಕೆ ಆನಿಸಬೇಕು. ಕಣ್ಣು ಮುಚ್ಚಿ ಕೋವಿ ಎತ್ತಿ, ಕೆನ್ನೆ ಮರಕ್ಕೆ ತಾಗಿಸಿ, ಕಣ್ಣು ಬಿಡಿ. ಹಿಂದಿನ ಗುರಿ ಮುಂದಿನ ಗುರಿ ಸುಲಭವಾಗಿ ಒಂದೇ ಸಾಲಿಗೆ ಬಂದರೆ ಅದು ನಿಮ್ಮ ಅಳತೆಯದು.

8. ಕಿಟ್ಟು ಅಗ್ಗವೆಂದು ಮೋಹ ಬೇಡ

ಅರೆ ತಯಾರಾದ ಕಿಟ್ ಕೊಂಡು ಮನೆಯಲ್ಲಿ ಜೋಡಿಸುವುದು ಸಂತೋಷದ ಕೆಲಸ. ಆದರೆ ಅಗ್ಗದ ಕಿಟ್ಟಿನಲ್ಲಿ ಉಳಿಯುವ ದುಡ್ಡು ಅಲ್ಪ. ಉಳಿ, ಅರ, ಬಣ್ಣ, ಎಣ್ಣೆಗೆ ಅದೂ ಕರಗುತ್ತದೆ. ಉತ್ತಮ ಕಿಟ್, ಕಿಬ್ಲರ್ ಕಂಪನಿಯದರಂಥದ್ದು, ಸಾವಿರ ಡಾಲರ್ ದಾಟುತ್ತದೆ. ಕೈಕೆಲಸದ ಪ್ರೀತಿ ಇದ್ದರೆ ಕೊಳ್ಳಿ, ಉಳಿತಾಯಕ್ಕೆಂದು ಕೊಳ್ಳಬೇಡಿ.

9. ಕೋವಿಯ ಬೆಲೆ ಅರ್ಧ ಲೆಕ್ಕ ಮಾತ್ರ

ಮದ್ದಿನ ಕೊಂಬು, ಅಳತೆಯ ಪಾತ್ರೆ, ಪ್ಯಾಚಿನ ಬಟ್ಟೆ, ಗಟ್ಟಿ ಗಜ, ಕೇಪು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಎಲ್ಲಕ್ಕೂ ದುಡ್ಡು ಎತ್ತಿಡಿ. ಚಕಮಕಿಗೆ ನಿಜವಾದ ಕರಿಮದ್ದೇ ಬೇಕು. ಪೈರೊಡೆಕ್ಸ್‌ನಂಥ ಬದಲಿ ಮದ್ದು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಡುತ್ತದೆ, ಆದ್ದರಿಂದ ಅದು ಕೇಪಿಗೆ ಮಾತ್ರ ಸರಿ. ಹೊಗೆರಹಿತ ಮದ್ದು ಒಂದು ಚಿಟಿಕೆಯೂ ಕೂಡದು, ನಳಿಗೆ ಸಿಡಿಯುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಕರಿಮದ್ದಿನ ಮಸಿ ತೇವ ಹೀರಿ ಉಕ್ಕನ್ನು ತಿನ್ನುತ್ತದೆ.

10. ಕಾನೂನು ಓದಿಯೇ ಹಣ ಕೊಡಿ

ಅಮೆರಿಕದ ಫೆಡರಲ್ ಕಾನೂನು ಈ ಬಗೆಯ ಕೋವಿಗಳನ್ನು ಪುರಾತನ ಆಯುಧವೆಂದು ಎಣಿಸುತ್ತದೆ. ರಾಜ್ಯಗಳ ಕಾನೂನು ಬೇರೆ ಬೇರೆ. ನ್ಯೂಜೆರ್ಸಿಯಲ್ಲಿ ಇವಕ್ಕೂ ಕೋವಿ ಕೊಳ್ಳುವವರ ಗುರುತಿನ ಚೀಟಿ ಬೇಕು. ಭಾರತದ ಊರಿಗೆ ಒಯ್ಯುವ ಯೋಚನೆ ಇದ್ದರೆ ಕೈಬಿಡಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿ ಆಮದಿಗೆ ಅನ್ವಯಿಸುವುದಿಲ್ಲ.

ನನ್ನ ತೀರ್ಪು ಕೇಳಿದರೆ, ಮೊದಲ ರೈಫಲ್ .50ರದು, ಕೇಪಿನದು, ನಳಿಗೆ ಶುಚಿಯಾಗಿರುವ ಹಳೆಯ ಹಾಕನ್ ಮಾದರಿಯದು. ಕೊಳ್ಳುವ ಮೊದಲು ಹತ್ತಿರದ ಮಸಲ್‌ಲೋಡರ್ ಕ್ಲಬ್ಬಿಗೆ ಹೋಗಿ. 1933ರಲ್ಲಿ ಹುಟ್ಟಿದ, ಇಂಡಿಯಾನಾದ ಫ್ರೆಂಡ್‌ಶಿಪ್ ಊರಲ್ಲಿ ನೆಲೆಯಿರುವ ರಾಷ್ಟ್ರೀಯ ಮಸಲ್‌ಲೋಡರ್ ಸಂಘದ ನಂಟಿರುವ ಕ್ಲಬ್ಬುಗಳು ಅನೇಕ ರಾಜ್ಯಗಳಲ್ಲಿವೆ. ಅಲ್ಲಿನ ಹಿರಿಯರು ತಮ್ಮ ಕೋವಿಯನ್ನು ನಿಮ್ಮ ಕೈಗೆ ಕೊಟ್ಟು ಹೊಡೆಯಲು ಕಲಿಸುತ್ತಾರೆ. ಕಲಿತು ಕೊಳ್ಳಿ, ಕೊಂಡು ಕಲಿಯಲು ಹೋಗಬೇಡಿ.