ಇಂಗ್ಲಿಷ್ ಕಾದಂಬರಿಯ ಪಾಠ ಮತ್ತು ಧ್ವನಿ

ಗಮಕ ಕಲೆಯಲ್ಲಿ ವಾಚನ ಮೊದಲು, ವ್ಯಾಖ್ಯಾನ ಆಮೇಲೆ. ಪದ್ಯವು ಕಿವಿಗೆ ಬಿದ್ದು ಅದರ ಭಾವ ಮನಸ್ಸಿಗೆ ತಟ್ಟಿದ ಬಳಿಕವೇ ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುತ್ತಾನೆ. ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಕಾದಂಬರಿಯ ಪಾಠವು ಅನೇಕ ವೇಳೆ ಇದಕ್ಕೆ ವಿಪರೀತವಾಗಿ ನಡೆಯುತ್ತದೆ. ಸಾರಾಂಶ ಮೊದಲು, ಪ್ರಶ್ನೋತ್ತರ ಅದರ ಹಿಂದೆ. ಮೂಲವಾಕ್ಯವು ಕಿವಿಗೆ ಬೀಳುವುದೇ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಇಂಗ್ಲಿಷನ್ನು ಕೇಳಲು ತರಗತಿಯೇ ಮುಖ್ಯ ಸ್ಥಳ. ಅಲ್ಲಿಯೂ ಅದು ಬರಿಯ ಕಣ್ಣಿನ ಭಾಷೆಯಾಗಿ ಉಳಿದರೆ, ಮಗು ಉತ್ತರವನ್ನು ಬಾಯಿಪಾಠ ಮಾಡೀತೇ ಹೊರತು ಕಾದಂಬರಿಯನ್ನು ಓದಲಾರದು.

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕಾದಂಬರಿಯ ಕೊನೆಯ ಅಧ್ಯಾಯವನ್ನು ನಿದರ್ಶನವಾಗಿ ನೋಡಬಹುದು. ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಸ್ವಾಮಿಯು ಆಂಡರ್ಸನ್ನನ ಕಥೆಗಳ ಪುಸ್ತಕವನ್ನು ಕಾಣಿಕೆಯಾಗಿ ಹಿಡಿದು ಮಾಲ್ಗುಡಿ ನಿಲ್ದಾಣಕ್ಕೆ ಬಂದಿದ್ದಾನೆ. ರಾಜಂ ಏನನ್ನೋ ಹೇಳಲು ಬಾಯಿ ತೆರೆದಂತೆ ತೋರುತ್ತದೆ. ಆ ಕ್ಷಣಕ್ಕೇ ಗಾರ್ಡಿನ ಸೀಟಿ, ಎಂಜಿನ್ನಿನ ಕೂಗು. ಮಾತು ಕೇಳದೆ ಹೋಗುತ್ತದೆ. ಈ ಸದ್ದು ಕಥೆಯ ಮೇಲಣ ಒಡವೆಯಲ್ಲ. ರಾಜಂ ಕ್ಷಮಿಸಿದನೇ ಎಂಬ ಪ್ರಶ್ನೆಯನ್ನು ಉತ್ತರವಿಲ್ಲದೆ ಉಳಿಸುವುದೇ ಅದು. ಅಲಂಕಾರಶಾಸ್ತ್ರದಲ್ಲಿ ‘ಧ್ವನಿ’ ಎಂದರೆ ಹೇಳದೆಯೂ ಹೊಳೆಯುವ ಅರ್ಥ. ಇಲ್ಲಿ ಕಿವಿಗೆ ಕೇಳುವ ಧ್ವನಿಯೂ ಮನಸ್ಸಿಗೆ ಹೊಳೆಯುವ ಧ್ವನಿಯೂ ಒಂದಾಗಿವೆ.

ಅಧ್ಯಾಪಕರು ಈ ಭಾಗವನ್ನು ಮೊದಲು ವ್ಯಾಖ್ಯಾನವಿಲ್ಲದೆ ಗಟ್ಟಿಯಾಗಿ ಓದಬೇಕು. ಎರಡನೆಯ ಸಲ ವ್ಯಾಯಾಮ ಶಿಕ್ಷಕರ ಸೀಟಿಯನ್ನು ಒಬ್ಬನು ಊದಲಿ. ಕೆಲವರು ಮೇಜಿನ ಮೇಲೆ ಗಾಲಿಗಳ ತಾಳ ಹಾಕಲಿ. ರಾಜಂ ಆದವನು ತನಗೆ ತೋಚಿದ ಒಂದು ವಾಕ್ಯವನ್ನು ಆ ಗದ್ದಲದಲ್ಲೇ ಹೇಳಲಿ. ಅವನು ಏನೆಂದಿರಬಹುದೆಂದು ಉಳಿದವರು ಊಹಿಸಿ ಇಂಗ್ಲಿಷಿನಲ್ಲಿ ಬರೆಯಲಿ. ಮುಂದೆ ಮಣಿಯು, ಸ್ವಾಮಿಯ ವಿಳಾಸವನ್ನು ತಾನು ರಾಜಂಗೆ ಕೊಟ್ಟಿರುವುದಾಗಿ ಹೇಳುತ್ತಾನೆ. ಅದು ನಿಜವೋ ಬರಿಯ ಸಮಾಧಾನವೋ ಸ್ವಾಮಿಗೆ ತಿಳಿಯದು. ಆ ಮಾತನ್ನು ಒಬ್ಬಳು ದೃಢವಾಗಿ, ಮತ್ತೊಬ್ಬಳು ತಡವರಿಸುತ್ತ ಓದಿದರೆ, ಸ್ವರಭೇದದಿಂದ ಅರ್ಥಭೇದವಾಗುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಆದರೆ ಸದ್ದು ಮುಂದಾಗಿ ಮಾತು ಹಿಂದಾಗಬಾರದು. ಆಟ ಮುಗಿದೊಡನೆ ಪುಸ್ತಕಕ್ಕೆ ಮರಳಿ, ಆ ಸದ್ದನ್ನು ಕಟ್ಟಿಕೊಟ್ಟ ಪದಗಳು ಯಾವುವೆಂದು ಗುರುತಿಸುವುದು ಅವಶ್ಯ.

ಉಗಿಬಂಡಿಯ ಕೂಗು ಇಂದಿನ ಮಕ್ಕಳಿಗೆ ಪರಿಚಿತವಲ್ಲ. ಅದನ್ನು ಬಲ್ಲ ಹಿರಿಯ ವಿದ್ಯಾರ್ಥಿಗಳು ಒಂದು ದಿನ ಬಂದು ಕೇಳಿಸಲಿ. ದಾನಿಗಳು ಮೂಲಕಾದಂಬರಿಯ ಪ್ರತಿಗಳನ್ನು ಗ್ರಂಥಾಲಯಕ್ಕೆ ಒದಗಿಸಲಿ. ವಾರಕ್ಕೆ ಅರ್ಧ ಗಂಟೆಯ ವಾಚನಕ್ಕೆ ವೇಳಾಪಟ್ಟಿಯಲ್ಲಿ ಎಡೆಯಿರಲಿ. ಕಿವಿಗೆ ಒಲಿದ ಭಾಷೆ ನಾಲಗೆಗೆ ಬರಲು ತಡವಾಗದು.